‘ಮಗ ಎಷ್ಟೆತ್ರ ಇದ್ದ?’ ಎಂದು ಕೇಳುವ ಪುಸ್ತಕದ ಚಂದಯ್ಯ

ಬೆಳಗಿನ ಜಾವ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಏಳುವುದು ಚಾ ಅಂಗಡಿಯ ಒಲೆ, ಅದರ ಹಿಂದೆಯೇ ಚಂದಯ್ಯ. ಗೋಣಿ ಕೊಡವಿ ನೆಲಕ್ಕೆ ಹಾಸುತ್ತಾರೆ. ಪಂಚಾಂಗ, ಮಗ್ಗಿ ಪುಸ್ತಕ, ಯಕ್ಷಗಾನ ಪ್ರಸಂಗಗಳು ಹಿಂದಿನ ಸಾಲಿಗೆ. ಮಕ್ಕಳ ಪುಸ್ತಕಗಳು ಮುಂದಕ್ಕೆ, ಬಸ್ಸಿನಿಂದ ಇಳಿದವರ ಕಣ್ಣಿಗೆ ಬೀಳುವಂತೆ. ಹುಬ್ಬಳ್ಳಿಯ ರಾತ್ರಿ ಬಸ್ಸು ಇನ್ನೇನು ಬರಬೇಕು. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುವವರು ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದು ಊರು ಸೇರುವುದು ಅದರಲ್ಲೇ. ಟ್ರಂಕು ಇಳಿಸಿ ಚಾ ಕುಡಿಯುವಾಗ ಅವರಿಗೆ ಮನೆಯಲ್ಲಿರುವ ಮಗ ನೆನಪಾಗುತ್ತಾನೆ.

ಯಾವ ಪುಸ್ತಕ ಬೇಕೆಂದು ಚಂದಯ್ಯ ಕೇಳುವುದಿಲ್ಲ. “ಮಗ ಎಷ್ಟೆತ್ರ ಇದ್ದ?” ಎನ್ನುತ್ತಾರೆ. ವಯಸ್ಸು ಕೇಳಿದರೆ ತಲೆ ಕೆರೆದುಕೊಳ್ಳುವ ಅಪ್ಪಂದಿರು ಎತ್ತರ ಕೇಳಿದರೆ ಥಟ್ಟನೆ ಕೈ ಚಾಚಿ ತೋರಿಸುತ್ತಾರೆ. ಆ ಕೈಯನ್ನು ಮಾತ್ರ ಚಂದಯ್ಯ ನಂಬುವವರಲ್ಲ. ಊರು ಬಿಟ್ಟು ಎಷ್ಟು ವರ್ಷವಾಯಿತೆಂದು ವಿಚಾರಿಸಿ, ಅಷ್ಟು ಕ್ಲಾಸು ಮೇಲಿನ ಪುಸ್ತಕ ತೆಗೆದಿಡುತ್ತಾರೆ.

“ಎಲ್ಲರೂ ತೋರ್ಸುದ್ ಬಿಟ್ ಹೋದ್ ದಿನದ್ ಎತ್ರ. ಮಗ ಅಲ್ಲೇ ನಿಂತ್ಕಂಡ್ ಇರ್ತನಾ?”

ಈ ಜ್ಞಾನ ಅವರಿಗೆ ಸುಮ್ಮನೆ ಬಂದದ್ದಲ್ಲ. ಹುಟ್ಟಿದ್ದು ಹಾಲಾಡಿಯಲ್ಲಿ. ಅಪ್ಪ ದೂರದ ಹೋಟೆಲೊಂದರಲ್ಲಿ ಅರೆಯುವ ಕೆಲಸಕ್ಕಿದ್ದರು. ಚಂದಯ್ಯ ಐದನೇ ಕ್ಲಾಸಿನಲ್ಲಿದ್ದಾಗ ಬಂದವರು ಮಗನಿಗೆಂದು ಅಕ್ಷರಮಾಲೆಯ ಚಿತ್ರಪುಸ್ತಕ ತಂದರು. ತಾಯಿ ಏನೋ ಹೇಳಹೊರಟರು. ಅಷ್ಟರಲ್ಲಿ ಹುಡುಗ ಓದಲು ಕೂತಾಗಿತ್ತು.

“ಆಗಷ್ಟೇ ಕಲ್ತವ್ನ ಹಾಂಗೆ ಅಕ್ಷರ ಕೂಡ್ಸಿ ಕೂಡ್ಸಿ ಓದಿ ತೋರ್ಸ್ದೆ. ಅಪ್ಪಯ್ಯ ಊರಿಡೀ ಹೇಳ್ಕಂಡ್ ಬಂದ್ರ್, ಮಗ ಓದ್ದ ಅಂದೇಳಿ. ನಂಗೆ ಮರ್ಕೇ ಬಂದಿತ್ತ್, ಕಣ್ಣೀರ್ ತಡ್ಕಂಡೆ.”

ಮುಂದಿನ ಸಲ ಬಂದಾಗ ಅಪ್ಪ ಅದರ ಎರಡನೆಯ ಭಾಗ ತಂದರಂತೆ. ಅಷ್ಟೊತ್ತಿಗೆ ಮಗ ಶಾಲೆ ಬಿಟ್ಟು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ. ಇದನ್ನು ಹೇಳಿ ಚಂದಯ್ಯ ನಗುತ್ತಾರೆ. ಕೇಳುವವರಿಗೆ ನಗಲು ಆಗುವುದಿಲ್ಲ.

ಮಣ್ಣು ಹೊತ್ತು ಸೊಂಟ ಬಿದ್ದ ಮೇಲೆ, ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷ, ಇಲ್ಲಿ ಗೋಣಿ ಹಾಸಿದರು. ದಿನಕ್ಕೆ ಆರೇಳು ಪುಸ್ತಕ ಹೋದರೆ ಅದು ಒಳ್ಳೆಯ ದಿನ. ಮಳೆಗಾಲದ ಪಾಡು ಕೇಳಬಾರದು. ಹೆಂಡತಿ ವನಜ ಕೆಂಡದ ಮೇಲೆ ಬುಟ್ಟಿ ಕವುಚಿ, ಬಾಣಂತಿ ಮನೆಯ ಬಟ್ಟೆಯಂತೆ ಪುಸ್ತಕ ಒಣಗಿಸುತ್ತಾರೆ.

ಮೊನ್ನೆ ಮಂಗಳವಾರ ಗುಲ್ವಾಡಿಯ ಕುಷ್ಟ ಬಸ್ಸಿಳಿದರು. ಬೊಂಬಾಯಿಯಲ್ಲಿ ಸಪ್ಲಾಯರ್, ಊರು ಕಾಣದೆ ಐದು ವರ್ಷ. ಹೋದ ಸಲ ಮಗ ಪಾಂಡು ಅಮ್ಮನ ಸೆರಗಿನ ಹಿಂದೆ ಅಡಗಿ, ಇವರು ಯಾರು ಎಂದು ಕೇಳಿದ್ದನಂತೆ. ಆ ಮಾತು ಕುಷ್ಟರನ್ನು ಐದು ವರ್ಷ ಕೊರೆದಿದೆ. ಈ ಸಲವಾದರೂ ಮಗ ಹತ್ತಿರ ಬರಬೇಕು, ಅಷ್ಟೇ ಅವರ ಆಸೆ. ಎತ್ತರ ಕೇಳಿದಾಗ ತೊಡೆಯ ಹತ್ತಿರ ಕೈ ಹಿಡಿದರು. ಚಂದಯ್ಯ ಸಮುದ್ರಯಾನದ ಕತೆಗಳ ದಪ್ಪ ಪುಸ್ತಕ ತೆಗೆದರೆ, ಅದನ್ನು ಕಂಡು ಮಗ ಹೆದರಿ ಓಡುತ್ತಾನೆಂದು ದೂರ ಸರಿಸಿ, ಆನೆ ಒಂಟೆಗಳ ಬಣ್ಣದ ಅಕ್ಷರಮಾಲೆಯನ್ನೇ ಕೊಂಡರು.

ಚಂದಯ್ಯ ವಾದಕ್ಕಿಳಿಯಲಿಲ್ಲ. ಬೇಕಾದರೆ ಬದಲಾಯಿಸಿ ಕೊಡುವೆ, ಆದರೆ ಮಗನನ್ನು ಕರೆತರಬೇಕು ಎಂದರು. ಅದು ಅವರ ಕಟ್ಟಳೆ. ಮಗು ಬಾರದೆ ಬದಲಿ ಇಲ್ಲ.

ಶನಿವಾರದ ಸಂತೆಗೆ ಅಪ್ಪ ಮಗ ಇಬ್ಬರೂ ಬಂದರು. ಹುಡುಗ ಅಪ್ಪನ ಹೆಗಲಿನೆತ್ತರ ಇದ್ದಾನೆ. ಕುಷ್ಟರ ಮುಖ ಅರಳಿತ್ತು.

“ಚಂದಣ್ಣ, ನನ್ ಬದಿಯಲ್ಲೇ ಕೂಕಂಡ್ ಪೂರಾ ಓದ್ದ. ಒಂದಕ್ಷರ ತಪ್ಲಿಲ್ಲ.”

ಹುಡುಗ ನೆಲ ನೋಡುತ್ತಿದ್ದ. ಚಂದಯ್ಯ ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಮುದ್ರಯಾನದ ಆ ದಪ್ಪ ಪುಸ್ತಕವನ್ನು ಅವನ ಕೈಗಿಟ್ಟು, ಅಪ್ಪನೊಂದಿಗೆ ಬೊಂಬಾಯಿಯ ಮಾತಿಗೆ ಕೂತರು. ಪಾಂಡು ಗೋಣಿಯ ಅಂಚಿಗೆ ಕುಕ್ಕುರುಗಾಲಲ್ಲಿ ಕೂತು ಹಾಳೆ ತಿರುವತೊಡಗಿದ. ತುಟಿ ಅಲುಗುತ್ತಿಲ್ಲ, ಬಸ್ಸಿನ ಹಾರ್ನು ಕೇಳಿಸುತ್ತಿಲ್ಲ. ಅದನ್ನು ಕಂಡು ಕುಷ್ಟ ಮಗನತ್ತ ತಿರುಗಿ ಕೂತರು.

“ಇಂವ ಇಷ್ಟ್ ದೊಡ್ಡೋನ್ ಆಯಿದ. ನಂಗೆ ಗೊತ್ತೇ ಆಯ್ಲ,” ಎಂದು ಕಣ್ಣೊರೆಸಿಕೊಂಡು, ಅಕ್ಷರಮಾಲೆಯನ್ನು ಬದಲಿಗೆಂದು ಚಾಚಿದರು. ಹುಡುಗ ಧಡಕ್ಕನೆ ಎದ್ದು ಅದನ್ನು ಹಿಡಿದುಕೊಂಡ.

“ಅದನ್ ಕೊಡುದಿಲ್ಲೆ. ಅದ್ ಅಪ್ಪಯ್ಯ ತಂದದ್.”

ಎರಡೂ ಪುಸ್ತಕ ಗುಲ್ವಾಡಿಗೆ ಹೋದವು. ತಲೆಯ ಮೇಲೆ ಮಾಡು ಇರುವ ಒಂದು ಅಂಗಡಿಯ ಆಸೆ ಇಲ್ಲವೇ ಎಂದು ಚಂದಯ್ಯನವರನ್ನು ಕೇಳುತ್ತೇನೆ. ಅವರು ಪುಸ್ತಕದ ಮೇಲಿನ ಧೂಳು ಹೊಡೆಯುತ್ತಲೇ ಉತ್ತರಿಸುತ್ತಾರೆ.

“ಅಂಗ್ಡಿ ಎಂತಕ್ಕೆ? ಬಸ್ಸಿಳ್ದ್ ಒಬ್ಬಾರೂ ಮಗನ್ ಎತ್ರ ಸಮಾ ತೋರ್ಸ್ಲಿ. ಅವತ್ತ್ ಈ ಗೋಣಿ ಮಡ್ಚ್ತೆ.”