ಬೇಡವೆನ್ನುವ ಅನಾಕ್ಲೆಟೊ

ಸ್ಯಾನ್ ಪೆದ್ರೊದಲ್ಲಿ ನಮ್ಮ ಬೇಸ್‌ಬಾಲ್ ತಂಡದ ಪಿಚರ್ ಅನಾಕ್ಲೆಟೊ ಹತ್ತೊಂಬತ್ತು ವರ್ಷಗಳಿಂದ ಚೆಂಡು ಎಸೆಯುತ್ತಿದ್ದಾನೆ, ಅಷ್ಟೂ ವರ್ಷ ಸಿಟ್ಟಿನಲ್ಲೇ ಇದ್ದಾನೆ. ಅಂಪೈರಿನ ಮೇಲೆ ಸಿಟ್ಟು, ಕಡಲ ಗಾಳಿಯ ಮೇಲೆ ಸಿಟ್ಟು, ಹುರಿದ ಬಾಳೆಕಾಯಿ ಮೆಲ್ಲುತ್ತ ನಗುವ ಪ್ರೇಕ್ಷಕರ ಮೇಲಂತೂ ಕಡುಸಿಟ್ಟು. "ಅಜ್ಜಾ, ಮನೆಗೆ ನಡಿಯೋ!" ಎಂದು ಅವರು ಕೂಗಿದರೆ, "ನಿಮ್ಮಪ್ಪಂದಿರನ್ನ ಔಟ್ ಮಾಡಿದೋನು ಕಣ್ರೋ ನಾನು!" ಎಂದು ಗುಡುಗುತ್ತಾನೆ. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂರುವ ಕ್ಯಾಚರ್ ನಾನು. ಯಾವ ಎಸೆತ ಬೇಕೆಂದು ಬೆರಳಲ್ಲಿ ತೋರಿಸುವುದು ನನ್ನ ಕೆಲಸ. ಒಂದು ಬೆರಳಿಗೆ ಬೇಡವೆಂದು ತಲೆಯಾಡಿಸುತ್ತಾನೆ, ಎರಡಕ್ಕೂ ಬೇಡ, ಮೂರಕ್ಕೆ ಹಲ್ಲು ಕಡಿಯುತ್ತಾನೆ. ಇನ್ನೆಂಥದನ್ನು ಎಸೆದಾನೋ ಎಂದು ಬ್ಯಾಟುಗಾರ ಬೆವರುತ್ತಾನೆ. ನಿಜವೆಂದರೆ, ಹೋದ ವರ್ಷದಿಂದ ಅವನ ಎರಡು ಬೆರಳುಗಳಲ್ಲಿ ಸ್ಪರ್ಶವೇ ಇಲ್ಲ. ಚೆಂಡನ್ನು ತಿರುಗಿಸಲಾರ, ಉಳಿದಿರುವುದು ನೇರ ಎಸೆತವೊಂದೇ. ಇದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ; ಕೋಚ್‌ಗೆ ಗೊತ್ತಾದ ದಿನವೇ ಅವನು ತಂಡದಿಂದ ಹೊರಗೆ. ನಿನ್ನೆ ಆಟದ ನಡುವೆ, ಅನಾಕ್ಲೆಟೊ ನಿಂತು ಎಸೆಯುವ ದಿಬ್ಬಕ್ಕೆ ಕೋಚ್ ಬಂದು, ನನ್ನನ್ನು ಕರೆದು, "ಇವನ ಹತ್ರ ಇನ್ನೇನು ಉಳಿದಿದೆಯೋ?" ಎಂದು ಕೇಳಿದ. "ಎಲ್ಲಾ ಇದೆ ಸಾರ್" ಎಂದೆ. ಕೋಚ್ ಬೆನ್ನು ತಿರುಗಿಸಿದ್ದೇ ತಡ, ಅನಾಕ್ಲೆಟೊ ನನ್ನ ಕೊರಳಪಟ್ಟಿ ಹಿಡಿದ. "ಲೋ ಮುಠ್ಠಾಳ, ನನ್ನ ಸುಳ್ಳು ನಾನು ಹೇಳ್ಕೋತೀನಿ. ಇನ್ನೊಂದ್ಸಲ ಕೇಳಿದ್ರೆ ನಿಜ ಹೇಳ್ಬಿಡು. ಇಲ್ಲಾಂದ್ರೆ ನನ್ನ ಜೊತೆ ನಿನ್ನನ್ನೂ ಓಡಿಸ್ತಾರೆ."