ಚೀಟಿ ಹೇಳಿದ ದೊಡ್ಡಿಯ ಕುರಿ

ಡಾರ್ಲಿಂಗ್ ನದಿಯಾಚೆಯ ನಮ್ಮೂರ ಶಾಲೆಯಲ್ಲಿ ನಾನು ದೊಡ್ಡವರಿಗೆ ಸಂಜೆ ಸಂಖ್ಯಾಶಾಸ್ತ್ರದ ತರಗತಿ ನಡೆಸುತ್ತೇನೆ. ನೋಲೀನ್ ಪ್ರಿಚರ್ಡ್ ಅಲ್ಲಿಗೆ ಮೊದಲು ಬಂದದ್ದು ಫೆಬ್ರವರಿಯ ಒಂದು ಮಂಗಳವಾರ, ಐದೂವರೆಗೆ. ಬೂಟುಗಳನ್ನು ಬಾಗಿಲ ಹೊರಗೆ ಬಿಟ್ಟು ಬರೀ ಕಾಲುಚೀಲದಲ್ಲಿ ಒಳಗೆ ಬಂದಳು. ಕುರಿಯುಣ್ಣೆಯ ಜಿಡ್ಡಿನಿಂದ ಅಂಗೈ ಮಿರುಗುತ್ತಿತ್ತು. ಪುಸ್ತಕವನ್ನು ಬ್ರೆಡ್ಡಿನ ಖಾಲಿ ಚೀಲದಲ್ಲಿ ಸುತ್ತಿಕೊಂಡಿದ್ದಳು. ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತಳು. ಎಲ್ಲರೂ ಹೋದ ಮೇಲೆ ಕೇಳಿದಳು:

"ಮೇಷ್ಟ್ರೇ, ಸಾವಿರದಲ್ಲಿ ನಲವತ್ತು ನೋಡಿ ಮಿಕ್ಕಿದ್ದರ ಬಗ್ಗೆ ಹೆಂಗೆ ಹೇಳ್ತೀರ? ನೋಡದೇ ಇರೋದನ್ನ ಹೇಳೋದು ಸುಳ್ಳಲ್ವಾ?"

ಪುಸ್ತಕದಲ್ಲಿದ್ದ ಉತ್ತರ ಹೇಳಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ.

ಅವಳಿಗೆ ಮೂವತ್ತಾರು. ಹದಿನೆಂಟು ವರ್ಷದಿಂದ ಊರೂರಿನ ಕುರಿಶೆಡ್ಡುಗಳಲ್ಲಿ ಕತ್ತರಿಸಿದ ಉಣ್ಣೆ ಎತ್ತುವ, ನೆಲ ಗುಡಿಸುವ ಕೆಲಸ. ಬೆನ್ನು ಇನ್ನೊಂದು ವರ್ಷ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನರ್ಸಿಂಗ್ ಓದಬೇಕೆಂದರೆ ಸಂಖ್ಯಾಶಾಸ್ತ್ರದಲ್ಲಿ ಪಾಸಾಗಬೇಕು. ಎರಡು ಕಿರುಪರೀಕ್ಷೆಯಲ್ಲೂ ಮಾದರಿಗೆಂದು ಕೆಲವನ್ನು ಆರಿಸುವ ಪ್ರಶ್ನೆಗಳಲ್ಲೇ ಸೋತಿದ್ದಳು. ಕೊನೆಯ ಪರೀಕ್ಷೆ ಸೆಪ್ಟೆಂಬರಿನ ಎರಡು ವಾರದ ರಜೆ ಮುಗಿದ ಸೋಮವಾರಕ್ಕೆ ನಿಗದಿಯಾಗಿತ್ತು.

ಆ ಎರಡು ವಾರವೇ ಉಣ್ಣೆ ಕತ್ತರಿಸುವ ಅವಳ ತಂಡಕ್ಕೆ ನನ್ನ ಅಣ್ಣ ಗ್ರಾಂಟನ ಶೆಡ್ಡಿನಲ್ಲಿ ಕೆಲಸ ಬಿತ್ತು. ರಜೆಯಲ್ಲಿ ನಾನೂ ಅಲ್ಲೇ ಉಣ್ಣೆಯನ್ನು ಮೂಟೆಗೆ ಒತ್ತಿ ತುಂಬಲು ಹೋಗುತ್ತೇನೆ. ಟೀ ಬಿಡುವಿನ ಅರ್ಧ ಗಂಟೆಯಲ್ಲಿ ಮೂಟೆಗಳ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದೆವು. ಮಾದರಿಯ ಪಾಠ ಬಂದಾಗಲೆಲ್ಲ ಅವಳು ಪೆನ್ಸಿಲ್ ಕೆಳಗಿಡುತ್ತಿದ್ದಳು.

ಎರಡನೆಯ ವಾರದ ಮಂಗಳವಾರ ಮಧ್ಯಾಹ್ನ ಮಳೆ ಬಂತು.

ಒದ್ದೆ ಕುರಿಯ ಉಣ್ಣೆ ಕತ್ತರಿಸಿದರೆ ಕತ್ತರಿಸುವವರಿಗೆ ಕೀಲುನೋವು, ಜ್ವರ. ಮೂಟೆಯೊಳಗೆ ಉಣ್ಣೆ ಬಿಸಿಯೇರಿ ಕೆಡುತ್ತದೆ. ಅದಕ್ಕೆ ಮಳೆಯ ಮರುದಿನ ಕತ್ತರಿಸುವ ಪ್ರತಿಯೊಬ್ಬನೂ ಎರಡು ಕುರಿಯ ಉಣ್ಣೆ ತೆಗೆದು ನೋಡಿ, ಒದ್ದೆಯೋ ಒಣವೋ ಎಂದು ಚೀಟಿ ಬರೆದು ಟೋಪಿಗೆ ಹಾಕಬೇಕು. ಯಜಮಾನನಾದ ಅಣ್ಣನಿಗೆ ಮತವಿಲ್ಲ, ನೆಲ ಗುಡಿಸುವವರಿಗೂ ಇಲ್ಲ. ಒದ್ದೆ ಗೆದ್ದರೆ ಎರಡು ದಿನ ಶೆಡ್ಡು ಬಂದ್. ನೋಲೀನಳಿಗೆ ಆ ಎರಡು ದಿನ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಆರು ಜನರ ಚೀಟಿ ಬಿಚ್ಚಿದರು. ನಾಲ್ಕು ಒಣ, ಎರಡು ಒದ್ದೆ. ಅಣ್ಣ ಕೆಲಸ ಶುರು ಮಾಡಿಸಲು ಯಂತ್ರದ ಕಡೆ ಹೊರಟ.

"ತಡೀರಿ," ಎಂದಳು ನೋಲೀನ್, ಪೊರಕೆ ಹಿಡಿದೇ. "ಈ ಹನ್ನೆರಡು ಕುರಿ ಎಲ್ಲಿಂದ ಹಿಡಿದ್ರಿ?"

"ಇಲ್ಲೇ, ಕೈಗೆ ಸಿಕ್ಕಿದ್ದು," ಎಂದ ತಂಡದ ಹಿರಿಯ ಡಾರ್ಸಿ.

"ಅವು ನಿನ್ನೆಯಿಂದ ಸೂರಿನ ಕೆಳಗಿದ್ವು. ಹೊರಗಿನ ಏಳು ದೊಡ್ಡಿ ನೆನೆದಿವೆ. ಅದರಲ್ಲಿ ಒಂದನ್ನಾದ್ರೂ ಮುಟ್ಟಿದ್ರಾ?"

"ಬಂದ್ಳಪ್ಪ ಪ್ರೊಫೆಸರಮ್ಮ. ಎರಡು ದಿನ ರಜಾ ಸಿಕ್ರೆ ಓದ್ಕೋಬಹುದು, ಅಷ್ಟೇ ತಾನೆ?" ಎಂದ ಡಾರ್ಸಿ.

ಯಾರೋ ನಕ್ಕರು. ನೋಲೀನಳ ಕುತ್ತಿಗೆ ಕೆಂಪಾಯಿತು.

"ಹೌದು, ನಂಗೆ ರಜಾ ಬೇಕು. ಅದಕ್ಕೇ ಕುರಿ ನಾನು ಆರಿಸಲ್ಲ, ನೀವೂ ಆರಿಸ್ಬೇಡಿ. ಒಳಗಿನದು, ಹೊರಗಿನದು, ಎಲ್ಲಾ ದೊಡ್ಡಿಗೂ ನಂಬರ್ ಬರೆದು ಚೀಟಿ ಎತ್ತಿ. ಚೀಟಿ ಹೇಳಿದ ದೊಡ್ಡಿಗೆ ಹೋಗಿ, ಕಣ್ಮುಚ್ಚಿ ಹಿಡೀರಿ."

ಅಣ್ಣ ನನ್ನ ಕಿವಿಯ ಬಳಿ ಬಂದ. "ಇದು ನೀನು ಹೇಳ್ಕೊಟ್ಟ ಪಾಠಾನಾ?"

ಏಳೆಂಟು ತಿಂಗಳಿಂದ ನನ್ನಿಂದ ಹೇಳಿಕೊಡಲಾಗದ ಪಾಠ ಅದು.

ಗೊಣಗುತ್ತಲೇ ಚೀಟಿ ಎತ್ತಿದರು. ಮತ್ತೆ ಹನ್ನೆರಡು ಕುರಿ. ಯಂತ್ರದ ಸದ್ದೊಂದೇ. ಡಾರ್ಸಿ ಕೊನೆಯದರ ತುಪ್ಪಟದೊಳಗೆ ಬೆರಳನ್ನು ಚರ್ಮದವರೆಗೆ ಇಳಿಸಿ ಬಹಳ ಹೊತ್ತು ನಿಂತ. ರಾತ್ರಿಯೆಲ್ಲ ಗಾಳಿ ಬೀಸಿತ್ತು.

ಮತ್ತೆ ಮತದ ಚೀಟಿ ಬಿಚ್ಚಿದರು. ಐದು ಒಣ, ಒಂದು ಒದ್ದೆ.

"ಅದೇ ಉತ್ತರ ಬಂತಲ್ಲ," ಎಂದ ಡಾರ್ಸಿ. "ಮುಕ್ಕಾಲು ಗಂಟೆ ದಂಡ."

"ಬಂತು," ಎಂದಳು ಅವಳು. "ಆದ್ರೆ ಆಗ ನಿಮಗದು ಗೊತ್ತಿರ್ಲಿಲ್ಲ. ಈಗ ಗೊತ್ತು."

ಕೆಲಸದ ಗಂಟೆ ಹೊಡೆಯಿತು. ಕಳೆದುಕೊಂಡ ಎರಡು ದಿನವನ್ನು ಮನಸ್ಸಿನಲ್ಲೇ ನುಂಗಿ ಅವಳು ಮೊದಲ ತುಪ್ಪಟ ಎತ್ತಿ ಮೇಜಿನ ಮೇಲೆ ಹರಡಿದಳು. ಅವತ್ತಿನಿಂದ ಟೀ ಬಿಡುವಿನಲ್ಲಿ ನನ್ನನ್ನು ಏನೂ ಕೇಳಲಿಲ್ಲ, ತಾನೇ ಬರೆದಳು. ಶುಕ್ರವಾರ ಡಾರ್ಸಿ ಅವಳ ಲೋಟ ಕಿತ್ತುಕೊಂಡ. "ಓದ್ಕೋ, ಪ್ರೊಫೆಸರಮ್ಮ. ನಿನ್ ಟೀ ನಾನ್ ತರ್ತೀನಿ."

ಸೋಮವಾರ ಪರೀಕ್ಷೆಯ ಕೋಣೆಯ ಹೊರಗೆ ಅವಳ ಬೂಟುಗಳಿದ್ದವು. ಮೂರು ಗಂಟೆ ನಾನು ಅವುಗಳನ್ನೇ ನೋಡುತ್ತಾ ಕಾರಿಡಾರಿನಲ್ಲಿ ನಿಂತಿದ್ದೆ. ಪಾಸಿಗೆ ಐವತ್ತು ಬೇಕಿತ್ತು. ಐವತ್ನಾಲ್ಕು ಬಂತು.

ನೋಲೀನ್ ಈಗ ನಮ್ಮ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್.