ಸಾಯಂಕಾಲದ ಕಣ್ಣು

ಮೊದಲು ಎರಡಾಗಿದ್ದು ಸೂಜಿ.

ಒಂದು ಸಂಜೆ ರೇಷ್ಮೆ ಬ್ಲೌಸಿಗೆ ಹುಕ್ ಹಾಕುತ್ತ ಕೂತಿದ್ದೆ. ದಾರ ಪೋಣಿಸಲು ಹೋದರೆ ಕೈಯಲ್ಲಿ ಎರಡು ಸೂಜಿ. ಒಂದಕ್ಕೆ ದಾರ ತೂರಿಸಿದೆ, ಅಲ್ಲಿ ಏನೂ ಇರಲಿಲ್ಲ. ಕಣ್ಣು ಉಜ್ಜಿಕೊಂಡು ಎದ್ದು ಟೀ ಮಾಡಿಕೊಂಡೆ. ಮಾರನೆಯ ದಿನ ಬೆಳಿಗ್ಗೆ ಸೂಜಿ ಒಂದೇ ಇತ್ತು. ಸುಸ್ತು, ಅಷ್ಟೇ ಅಂದುಕೊಂಡೆ.

ಮೂಡಲಪಾಳ್ಯದಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ವಿಜಯನಗರ, ಚಂದ್ರಾ ಲೇಔಟ್, ನಾಗರಭಾವಿ ಕಡೆಯಿಂದೆಲ್ಲ ಹೆಂಗಸರು ಬರುತ್ತಾರೆ. ಅಳತೆ ಕೊಡುತ್ತ ಅವರು ಮನೆಯ ಕಥೆ ಹೇಳುತ್ತಾರೆ, ಅಳತೆ ತೆಗೆಯುತ್ತ ನಾನೂ ನಾಲ್ಕು ಮಾತು ಸೇರಿಸುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಜನ ಬರುವುದು ನಿನ್ನ ಹೊಲಿಗೆಗಲ್ಲ, ಮಾತಿಗೆ ಎಂದು ನಮ್ಮ ಮನೆಯವರು ರೇಗಿಸುತ್ತಾರೆ.

ಆ ದಿನಗಳಲ್ಲಿ ಮನೆಯಲ್ಲಿ ಬೇರೆಯದೇ ಗಲಾಟೆ ನಡೆದಿತ್ತು. ಇವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಂಪನಿಯವರು ಹಾಸನದಲ್ಲಿ ಹೊಸ ಯೂನಿಟ್ ತೆರೆದು, ನೀವೇ ಹೋಗಿ ನೋಡಿಕೊಳ್ಳಿ ಎಂದಿದ್ದರು. ಊಟಕ್ಕೆ ಕೂತರೆ ಸಾಕು, ಹಾಸನ ಶುರುವಾಗುತ್ತಿತ್ತು. ಅಲ್ಲಿ ಮಧ್ಯಾಹ್ನ ಮನೆಗೇ ಬಂದು ಊಟ ಮಾಡಬಹುದು. ಟ್ಯಾಂಕರ್ ನೀರಿಗೆ ಕಾಯಬೇಕಾಗಿಲ್ಲ. ಮನೆಯ ಮುಂದೆ ಎರಡು ಗಿಡ ಹಾಕಬಹುದು. ಅಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಇಲ್ಲಿ ಒಂದು ಸಿಗ್ನಲ್ ದಾಟಿರುವುದಿಲ್ಲ.

"ನನ್ನ ಕಸ್ಟಮರ್‌ಗಳನ್ನೂ ಲಾರೀಲಿ ಹಾಕ್ಕೊಂಡು ಬರ್ತೀರಾ?" ಎಂದು ನಾನು ಕೇಳುತ್ತಿದ್ದೆ. ಮಗಳು ಸಿಂಚನಾಳಿಗೆ ಕಾಲೇಜಿನ ಚಿಂತೆ. ಮೆಟ್ರೋ ಹತ್ತಿ ತಾನೊಬ್ಬಳೇ ಓಡಾಡುವುದು ಅವಳಿಗೆ ಅಭ್ಯಾಸವಾಗಿತ್ತು. ನಾಳೆ ಮೈಗೆ ಏನಾದರೂ ಆದರೆ ಇಲ್ಲಿ ದೊಡ್ಡ ಆಸ್ಪತ್ರೆಗಳಿವೆ ಎಂದೂ ಒಮ್ಮೆ ಹೇಳಿ ನೋಡಿದೆ. "ನಮಗೇನಾಗಿದೆ ಈಗ?" ಎಂದು ಇವರು ನಕ್ಕರು. ನಿಜ ಹೇಳಬೇಕೆಂದರೆ ಇವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಕೊನೆಗೆ ಹೂಂ ಎಂದೆ. ಹಾಸನದಲ್ಲಿ ಬಾಡಿಗೆ ಮನೆ ಗೊತ್ತಾಯಿತು. ಆಷಾಢ ಬರುವುದರೊಳಗೆ ಹಾಲು ಉಕ್ಕಿಸಿಬಿಡಬೇಕು ಎಂದು ಒಂದು ಭಾನುವಾರ ನಿಶ್ಚಯವಾಯಿತು.

ಅಷ್ಟರಲ್ಲಿ ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತು. ಹುಬ್ಬು ಎಷ್ಟು ಮೇಲೆತ್ತಿದರೂ ರೆಪ್ಪೆ ಏಳುತ್ತಿರಲಿಲ್ಲ. ಚಪಾತಿ ಅಗಿಯುತ್ತಿದ್ದಾಗ ಅರ್ಧದಲ್ಲೇ ದವಡೆ ಸೋತು ನಿಂತಿತು. ಗಲ್ಲಕ್ಕೆ ಕೈ ಕೊಟ್ಟು ಎತ್ತಿ ಎತ್ತಿ ಅಗಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದರೆ ದನಿ ಮೂಗಿನಿಂದ ಬರುತ್ತಿತ್ತು. "ಶೀತಾನಾ ಸುಧಾ?" ಎಂದು ಗಿರಾಕಿಗಳು ಕೇಳುತ್ತಿದ್ದರು.

ತೋರಿಸಲಿಲ್ಲ ಅಂತಲ್ಲ, ತೋರಿಸಿದೆವು. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು, ಇಎನ್‌ಟಿ. ಎಲ್ಲರಿಗೂ ಬೆಳಿಗ್ಗೆಯೇ ತೋರಿಸಿದೆವು. ನಮ್ಮ ಮನೆಯಲ್ಲಿ ಅದೊಂದು ಕಾನೂನು. ಏನೇ ಕೆಲಸವಿರಲಿ, ಮಾಗಡಿ ರೋಡ್ ತುಂಬುವ ಮೊದಲೇ ಹೊರಟು ಮೊದಲನೇ ಟೋಕನ್ ಹಿಡಿಯಬೇಕು. ಸಂಜೆ ಗಾಡಿ ಆಚೆ ತೆಗೆಯಬಾರದು. ಇದು ನಮ್ಮ ಮನೆಯವರು ಕಂಡುಹಿಡಿದಿದ್ದೇನಲ್ಲ, ನಮ್ಮ ಬೀದಿಯಲ್ಲಿ ಎಲ್ಲರೂ ಬದುಕುವುದೇ ಹೀಗೆ. ಮೊದಲನೇ ಟೋಕನ್ ಸಿಕ್ಕ ದಿನ ಇವರ ಮುಖದಲ್ಲಿ ಏನೋ ಗೆದ್ದು ಬಂದ ಕಳೆ ಇರುತ್ತಿತ್ತು.

ರಾತ್ರಿ ಪೂರ್ತಿ ಮಲಗಿ ಎದ್ದ ನಾನು ಡಾಕ್ಟರ ಮುಂದೆ ಕಣ್ಣರಳಿಸಿಕೊಂಡು ಕೂರುತ್ತಿದ್ದೆ. "ಈಗ ಹೇಗಿದೆ?" ಎಂದು ಅವರು ಕೇಳುವರು. "ಈಗ ಚೆನ್ನಾಗೇ ಇದೆ ಡಾಕ್ಟ್ರೇ" ಎನ್ನುವೆ. ರಿಪೋರ್ಟು ನಾರ್ಮಲ್. ಸಿಂಚನಾ ಸಂಜೆ ತೆಗೆದ ಫೋಟೋ ತೋರಿಸಿದಳು. "ನಿದ್ದೆ ಬಂದಾಗ ಎಲ್ಲರ ಕಣ್ಣೂ ಹೀಗೇ ಇರತ್ತಮ್ಮ" ಎಂದರು ಒಬ್ಬ ಡಾಕ್ಟರು. ಇನ್ನೊಬ್ಬರು, ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯಾ ಎಂದು ವಿಚಾರಿಸಿದರು. ಮನೆ ಬದಲಾಯಿಸುತ್ತಿದ್ದೇವೆ ಎಂದೆ. "ಅದೇ ಮತ್ತೆ" ಎಂದು ನಕ್ಕು ವಿಟಮಿನ್ ಬರೆದರು.

ಆ 'ಅದೇ ಮತ್ತೆ' ನಮ್ಮ ಜೊತೆ ಮನೆಗೂ ಬಂತು. ಪ್ಯಾಕಿಂಗ್ ಮಾಡುತ್ತಿದ್ದ ಒಂದು ಸಂಜೆ ನನ್ನ ರೆಪ್ಪೆ ಪೂರ್ತಿ ಮುಚ್ಚಿಕೊಂಡಿತು. ಕೈ ಮೇಲೆತ್ತಿ ಅಟ್ಟದ ಪಾತ್ರೆ ಇಳಿಸಲು ಆಗಲಿಲ್ಲ. ಇವರು ರಟ್ಟಿನ ಡಬ್ಬಕ್ಕೆ ಟೇಪು ಸುತ್ತುತ್ತಿದ್ದವರು ತಲೆಯೆತ್ತಿ ನೋಡಿದರು.

"ಹಾಸನಕ್ಕೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು ಸುಧಾ. ಕಣ್ಣು ಯಾಕೆ ಹೀಗೆ ಮಾಡ್ತೀಯ?"

ನನಗೆ ಉತ್ತರ ಹೊರಡಲಿಲ್ಲ. ದುಃಖಕ್ಕೋ ಕಾಯಿಲೆಗೋ ಗೊತ್ತಿಲ್ಲ. ಮದುವೆಯಾದಾಗಿನಿಂದ ಇವರ ಮಾತಿಗೆ ನಾನು ತಿರುಗಿ ಉತ್ತರ ಕೊಡದೆ ಸುಮ್ಮನಿದ್ದದ್ದು ಅದೇ ಮೊದಲು. ಅದನ್ನೂ ಇವರು ಸಿಟ್ಟು ಅಂದುಕೊಂಡರು. ಗಂಡನೇ ನಂಬದಿದ್ದ ಮೇಲೆ ನನಗೂ ನನ್ನ ಮೇಲೆ ಅನುಮಾನ ಬಂತು. ಮನಸ್ಸಿನೊಳಗೆ ಬೇಡವೆಂದು ಇಟ್ಟುಕೊಂಡಿದ್ದಕ್ಕೇ ಹೀಗಾಗುತ್ತಿದೆಯೇನೋ ಎಂದು ಕನ್ನಡಿಯ ಮುಂದೆ ನಿಂತು ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿಕೊಂಡೆ. ಬೆರಳು ಬಿಟ್ಟರೆ ಮತ್ತೆ ಬೀಳುತ್ತಿತ್ತು.

ಭಾನುವಾರ ಹಾಸನದಲ್ಲಿ ಹಾಲು ಚೆನ್ನಾಗಿ ಉಕ್ಕಿತು. ಪೂರ್ವಕ್ಕೇ ಉಕ್ಕಿತು ಎಂದು ಮನೆಯ ಮಾಲೀಕರ ಹೆಂಡತಿ ಖುಷಿಪಟ್ಟರು. ನನಗೂ ಆ ಬೆಳಿಗ್ಗೆ ಹಗುರವಾಗಿತ್ತು. ಅಡುಗೆಮನೆಗೆ ಬಿಸಿಲು ಬರುತ್ತಿತ್ತು. ಹೊಲಿಗೆ ಮೆಷಿನ್ ಇಡಲು ಕಿಟಕಿಯ ಪಕ್ಕ ಒಳ್ಳೆಯ ಜಾಗವಿತ್ತು. ಇಲ್ಲೂ ಬದುಕಬಹುದು ಅನಿಸಿತು. ಮಧ್ಯಾಹ್ನವೆಲ್ಲ ಮೊದಲ ಕಂತಿನಲ್ಲಿ ತಂದ ಸಾಮಾನು ಜೋಡಿಸಿದೆ, ಅಕ್ಕಪಕ್ಕದವರ ಜೊತೆ ಬಾಯಿ ನೋಯುವಷ್ಟು ಮಾತಾಡಿದೆ.

ಸಂಜೆಯ ಹೊತ್ತಿಗೆ ಮಾತು ತೊದಲತೊಡಗಿತು. ಕತ್ತು ಮುಂದಕ್ಕೆ ಬೀಳುತ್ತಿತ್ತು. ಸಿಂಚನಾ ಕುಡಿಯಲು ನೀರು ಕೊಟ್ಟಳು.

ಕುಡಿದ ನೀರು ಮೂಗಿನಿಂದ ಆಚೆ ಬಂತು.

ಸಿಂಚನಾ ಕಿರುಚಿದಳು. ಮಾಲೀಕರ ಹೆಂಡತಿ ಓಡಿ ಬಂದರು. ಇವರು ಗಾಬರಿಯಾಗಿದ್ದರೂ ಬಾಯಿಂದ ಬಂದದ್ದು ಹಳೆಯ ಮಾತೇ: "ನಾಳೆ ಬೆಳಿಗ್ಗೆ ಮೊದಲನೇ ಟೋಕನ್‌ಗೇ ಹೋಗ್ಬಿಡೋಣ."

"ಬೆಳಿಗ್ಗೆ ಯಾಕೆ ಸಾರ್?" ಎಂದರು ಆಕೆ. "ಎರಡು ಬೀದಿ ದಾಟಿದ್ರೆ ಕ್ಲಿನಿಕ್ಕು. ಭಾನುವಾರಾನೂ ಸಾಯಂಕಾಲ ಕೂತಿರ್ತಾರೆ. ಈಗ್ಲೇ ಹೋಗಿ."

ಹೌದಲ್ಲ, ಈಗಲೇ ಹೋಗಬಹುದು ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಡಾಕ್ಟರು ವಯಸ್ಸಾದವರು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಲೇ ಇರಿ, ಕಣ್ಣು ಕೆಳಗಿಳಿಸಬೇಡಿ ಎಂದರು. ನೋಡುತ್ತಾ ನೋಡುತ್ತಾ ಎರಡೂ ರೆಪ್ಪೆ ಅಂಗಡಿಯ ಷಟರ್ ಎಳೆದ ಹಾಗೆ ಇಳಿದುಬಂದವು. ಜೋರಾಗಿ ಎಣಿಸಿ ಎಂದರು. ಇಪ್ಪತ್ತು ಮುಟ್ಟುವ ಮೊದಲೇ ದನಿ ಮುಗಿಯಿತು. ಫ್ರಿಜ್ಜಿನಿಂದ ಮಂಜುಗಡ್ಡೆ ತರಿಸಿ, ಬಟ್ಟೆಯಲ್ಲಿ ಸುತ್ತಿ ಎಡಗಣ್ಣಿನ ಮೇಲೆ ಒತ್ತಿ ಹಿಡಿದರು. ಕಣ್ಣಿಂದ ತಲೆಯವರೆಗೆ ಕೊರೆಯಿತು. ಆಮೇಲೆ ಬಟ್ಟೆ ತೆಗೆದರು.

ಕಣ್ಣು ಅಗಲವಾಗಿ ತೆರೆದಿತ್ತು.

ನಮ್ಮ ಮನೆಯವರು ಹತ್ತಿರ ಬಂದು ಬಗ್ಗಿ ನನ್ನ ಕಣ್ಣು ನೋಡಿದರು.

"ಮಯಸ್ತೀನಿಯಾ ಗ್ರೇವಿಸ್ ಇರೋ ಹಾಗಿದೆ. ಬ್ಲಡ್ ಟೆಸ್ಟ್ ಮಾಡಿ ಖಚಿತ ಮಾಡ್ಕೋಬೇಕು," ಎಂದರು ಡಾಕ್ಟರು. "ನರ ಹೇಳಿದ್ದು ಸ್ನಾಯುಗೆ ಸರಿಯಾಗಿ ತಲುಪ್ತಾ ಇಲ್ಲ. ತಂಪು ತಾಗಿದ್ರೆ, ರೆಸ್ಟ್ ಸಿಕ್ಕಿದ್ರೆ ಸುಧಾರಿಸತ್ತೆ. ಅದಕ್ಕೇ ಬೆಳಿಗ್ಗೆ ಏನೂ ಕಾಣಲ್ಲ. ಬೆಂಗಳೂರಲ್ಲಿ ಯಾರೂ ಸಾಯಂಕಾಲ ನೋಡ್ಲಿಲ್ವಾ?"

"ಬೆಂಗಳೂರಲ್ಲಿ ಸಾಯಂಕಾಲ ಯಾರು ಸಾರ್ ಆಚೆ ಹೋಗ್ತಾರೆ?" ಎಂದರು ಇವರು.

ಡಾಕ್ಟರು ನನ್ನ ಉಸಿರನ್ನು ಗಮನಿಸುತ್ತಿದ್ದರು. "ನುಂಗೋ ಸ್ನಾಯು ಸೋತಿದೆ. ಉಸಿರಾಟದ್ದೂ ಸೋಲಬಹುದು. ಐಸಿಯು ಬೇಕು, ಪ್ಲಾಸ್ಮಾ ಎಕ್ಸ್‌ಚೇಂಜ್ ಬೇಕಾಗಬಹುದು. ಭಾನುವಾರ ಈ ಹೊತ್ತಲ್ಲಿ ಹಾಸನದಲ್ಲಿ ಅದು ಸಿಗಲ್ಲ. ನನಗೆ ಪರಿಚಯದ ನ್ಯೂರಾಲಜಿಸ್ಟ್ ಬೆಂಗಳೂರಲ್ಲಿದಾರೆ, ಫೋನ್ ಮಾಡ್ತೀನಿ. ಹೊರಡಿ." ಆಕ್ಸಿಜನ್ ಮತ್ತು ನರ್ಸ್ ಇರುವ ಆಂಬುಲೆನ್ಸನ್ನೂ ಅವರೇ ಕರೆಸಿದರು.

ಬೆಳಿಗ್ಗೆ ಹಾಲು ಉಕ್ಕಿಸಿದ ಪಾತ್ರೆ ಇನ್ನೂ ಒಲೆಯ ಮೇಲೇ ಇತ್ತು. ಮನೆಗೆ ಬೀಗ ಹಾಕಿ ಹೊರಟೆವು.

ನೆಲಮಂಗಲದವರೆಗೆ ರಸ್ತೆ ಸಲೀಸಾಗಿತ್ತು. ಅಲ್ಲಿಂದ ಮುಂದೆ ವಾಹನಗಳು ಒತ್ತೊತ್ತಾಗಿ ನಿಂತಿದ್ದವು. ಭಾನುವಾರದ ರಾತ್ರಿ, ಊರಿಗೆ ಹೋದವರೆಲ್ಲ ಬೆಂಗಳೂರಿಗೆ ವಾಪಸ್ ಬರುವ ಹೊತ್ತು. ಸೈರನ್ ಕೂಗುತ್ತಲೇ ಇತ್ತು. ಜನ ದಾರಿ ಬಿಡಲಿಲ್ಲ ಅನ್ನಲಾರೆ, ಬಿಡಲು ಅವರಿಗೆ ಜಾಗವೇ ಇರಲಿಲ್ಲ. ಎಷ್ಟು ಎಳೆದರೂ ಎದೆಗೆ ಉಸಿರು ತುಂಬುತ್ತಿರಲಿಲ್ಲ. ಸಿಂಚನಾ ನನ್ನ ತಲೆಯನ್ನು ಎದೆಗೆ ಒರಗಿಸಿ ಹಿಡಿದಿದ್ದಳು. ಇಲ್ಲೇ ಮುಗಿಯಿತು ಅನಿಸಿತು. ಹಾಸನದಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ನಡುರಸ್ತೆಯಲ್ಲಿ.

ಮುಂದೆ ಡ್ರೈವರ್ ಪಕ್ಕ ಕೂತಿದ್ದ ಇವರು ಬಾಗಿಲು ತೆಗೆದು ಇಳಿದುಬಿಟ್ಟರು. ನಡುವಿನ ಸಣ್ಣ ಕಿಟಕಿಯಲ್ಲಿ ನೋಡಿದೆ. ಹಾಲು ಉಕ್ಕಿಸಲೆಂದು ಉಟ್ಟಿದ್ದ ಹೊಸ ಪಂಚೆಯನ್ನು ಮೇಲೆ ಕಟ್ಟಿಕೊಂಡು ಆಂಬುಲೆನ್ಸಿನ ಮುಂದೆ ಮುಂದೆ ನಡೆಯುತ್ತಿದ್ದರು. ಕಾರುಗಳ ಬಾನೆಟ್ ತಟ್ಟುತ್ತಿದ್ದರು, ಲಾರಿಯವರಿಗೆ ಕೈಮುಗಿಯುತ್ತಿದ್ದರು.

"ಅಣ್ಣಾ, ಸ್ವಲ್ಪ ಎಡಕ್ಕೆ ತಗೊಳ್ಳಿ! ನನ್ ಹೆಂಡ್ತಿ ಅಣ್ಣಾ, ಉಸಿರಾಡೋಕೆ ಆಗ್ತಿಲ್ಲ!"

ನನ್ನ ಕಣ್ಣಿಗೆ ಇಬ್ಬರು ಕಂಡರು. ಇಬ್ಬರೂ ಅಳುತ್ತಾ ದಾರಿ ಬಿಡಿಸುತ್ತಿದ್ದರು. ಒಬ್ಬರನ್ನು ಸಂಭಾಳಿಸುವುದೇ ಸಾಕಾಗಿದೆ, ಈಗ ಇಬ್ಬರಾ ಎಂದು ಆ ಸ್ಥಿತಿಯಲ್ಲೂ ಒಂದು ಮಾತು ಹೊಳೆಯಿತು. ಹೇಳಲು ದನಿಯಿರಲಿಲ್ಲ. ಮೆಲ್ಲಮೆಲ್ಲಗೆ ಒಂದು ಸಾಲು ಬಿಚ್ಚಿಕೊಂಡಿತು, ಗಾಡಿ ಮುಂದೆ ಹೋಯಿತು.

ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಗಂಟಲಿಗೆ ಟ್ಯೂಬು ಇಳಿಸಿದರು. ವೆಂಟಿಲೇಟರ್ ನನ್ನ ಪರವಾಗಿ ಉಸಿರಾಡಿತು. ದಿನ ಬಿಟ್ಟು ದಿನ ರಕ್ತ ತೆಗೆದು, ಅದರ ತಿಳಿಭಾಗವಾದ ಪ್ಲಾಸ್ಮಾ ಬದಲಿಸಿ, ಒಳಗೆ ಬಿಟ್ಟರು. ಮಾತಿಲ್ಲದೆ ಮಲಗಿರುವುದು ನನ್ನಂಥವಳಿಗೆ ಎಂಥ ಶಿಕ್ಷೆ! ಸಿಂಚನಾ ಬಂದಾಗ ಅವಳ ಅಂಗೈ ಮೇಲೆ ಬೆರಳಲ್ಲಿ ಬರೆಯುತ್ತಿದ್ದೆ. ನಾನು ಮೊದಲು ಬರೆದದ್ದು, ರೇಷ್ಮೆ ಬ್ಲೌಸು ಬಾಕಿ ಇದೆ ಎಂದಂತೆ. ಅವಳು ನಕ್ಕಳು, ಆಮೇಲೆ ಹೊರಗೆ ಹೋಗಿ ಅತ್ತಳು.

ಇವರು ಬಂದರೆ ನನ್ನ ಎಡಗಣ್ಣನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ರೆಪ್ಪೆಯ ಮೇಲೆ ಮೆತ್ತಗೆ ಹೆಬ್ಬೆರಳಿಟ್ಟರು. "ನಾನು ಹಾಗನ್ನಬಾರದಿತ್ತು ಕಣೇ" ಎಂದರು. ನಾನು ಕಣ್ಣು ಮುಚ್ಚಿ ತೆರೆದೆ. ಕ್ಷಮಿಸಿದೆ ಅಂತಲೋ, ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಅಂತಲೋ ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟೆ.

ಟ್ಯೂಬು ತೆಗೆದರು. ಇನ್ನೂ ಖಾಲಿ ಮಾಡಿರದ ಮೂಡಲಪಾಳ್ಯದ ಮನೆಗೇ ಬಂದೆ. ರೋಗದ ಹೆಸರು ಬ್ಲಡ್ ಟೆಸ್ಟಿನಲ್ಲೂ ಖಚಿತವಾಯಿತು. ಈಗ ದಿನಕ್ಕೆ ಹಲವು ಸಲ ಮಾತ್ರೆ. ಊಟಕ್ಕೆ ಮುಂಚೆ ಮಾತ್ರೆ ನುಂಗಿ ಸ್ವಲ್ಪ ಕಾದರೆ ದವಡೆ ಮಾತು ಕೇಳುತ್ತದೆ. ಸ್ಟೀರಾಯ್ಡ್‌ನಿಂದ ಮುಖ ಊದಿದೆ. ನನ್ನ ಬ್ಲೌಸಿನ ಹೊಲಿಗೆಯನ್ನು ನಾನೇ ಬಿಚ್ಚಿ ಸಡಿಲ ಮಾಡಿಕೊಂಡೆ. ಬೆಳಿಗ್ಗೆ ಹೊಲಿಯುತ್ತೇನೆ, ಮಧ್ಯಾಹ್ನ ಮಲಗುತ್ತೇನೆ. ಗಿರಾಕಿಗಳು ಅಳತೆ ಕೊಡಲು ಬಂದು, "ನೀನು ಸುಮ್ನಿರು, ನಾವೇ ಮಾತಾಡ್ತೀವಿ" ಎನ್ನುತ್ತಾರೆ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡಬಹುದಾದ ಕಾಯಿಲೆ ಎಂದು ನ್ಯೂರಾಲಜಿಸ್ಟ್ ಹೇಳಿದ್ದಾರೆ. ನುಂಗುವ ಪ್ರತಿ ತುತ್ತೂ ಸರಿಯಾದ ದಾರಿಯಲ್ಲಿ ಹೋದಾಗ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಯಾವ ಊರು ನನ್ನನ್ನು ಉಳಿಸಿತು ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಹಾಸನದಲ್ಲಿ ಸಂಜೆ ಡಾಕ್ಟರ ಬಳಿ ಹೋಗಬಹುದಾಗಿದ್ದರಿಂದ ಕಾಯಿಲೆ ಪತ್ತೆಯಾಯಿತು. ಬೆಂಗಳೂರಿನಲ್ಲಿ ಯಂತ್ರವಿದ್ದುದರಿಂದ ಉಸಿರು ಉಳಿಯಿತು. ಕಂಪನಿಯವರು ಇವರಿಗೆ ಸ್ವಲ್ಪ ಸಮಯ ಕೊಟ್ಟಿದ್ದಾರೆ. ಹಾಸನದ ಮನೆಗೆ ಇನ್ನೂ ಬೀಗವಿದೆ. ಮಾಲೀಕರ ಹೆಂಡತಿ ಆ ಪಾತ್ರೆ ತೊಳೆದಿಟ್ಟಿದ್ದಾರಂತೆ.

ಮೊನ್ನೆ ರಿವ್ಯೂ ಇತ್ತು. ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿದ್ದು ಇವರು. "ಬೆಳಿಗ್ಗೆ ಖಾಲಿ ಇದೆ ಸಾರ್" ಎಂದಳು ರಿಸೆಪ್ಷನ್ ಹುಡುಗಿ. "ಬೇಡಮ್ಮ, ಸಾಯಂಕಾಲದ ಕೊನೇ ಟೋಕನ್ ಕೊಡಿ" ಎಂದರು.

ಮಾಗಡಿ ರೋಡಿನಲ್ಲಿ ಎಂದಿನಂತೆ ಗಾಡಿಗಳು ತುಂಬಿದ್ದವು. ಪ್ರತಿ ಸಿಗ್ನಲ್ಲಿಗೂ ಇವರು ತಿರುಗಿ ನನ್ನ ಕಣ್ಣು ನೋಡುತ್ತಿದ್ದರು. ರೆಪ್ಪೆ ಸ್ವಲ್ಪ ಇಳಿದಿತ್ತು.

"ಹಾಸನಕ್ಕೆ ಹೋಗೋದಾ, ಬೇಡ್ವಾ? ಈ ಸಲ ನೀನೇ ಹೇಳು" ಎಂದರು.

ನಾನು ಯೋಚಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಬೆಳಿಗ್ಗೆ ಕೇಳಿದ್ರೆ ಹೋಗೋಣ ಅಂತೀನಿ ರೀ. ಸಾಯಂಕಾಲ ಆದ್ರೆ ಭಯ ಆಗತ್ತೆ, ಇಲ್ಲೇ ಇರೋಣ ಅನ್ಸತ್ತೆ."

ಇವರು ಮತ್ತೊಮ್ಮೆ ತಿರುಗಿ ನನ್ನ ರೆಪ್ಪೆ ನೋಡಿದರು.

"ನಾನು ಸಾಯಂಕಾಲದ್ದನ್ನೇ ನಂಬ್ತೀನಿ" ಎಂದರು.

ಸಿಗ್ನಲ್ ಬಿಟ್ಟಿತು. ಎದುರಿಗೆ ಬಸ್ಸು ಅಡ್ಡ ನಿಂತಿತ್ತು, ನಮ್ಮ ಗಾಡಿ ಮುಂದೆ ಹೋಗಲಿಲ್ಲ. ನನಗೇನೂ ಅವಸರವಿರಲಿಲ್ಲ.